ಊಲೈಟ್: ಗುಂಡು ಹಾರಿಸದೆ, ಒಂದೇ ಜೀವದಲ್ಲಿ ಆಡ್ತಿದ್ದೇನೆ, ಝಾವೋನ್ಸ್ ದಾಟಿ ಮುಂದೆ ಬದುಕ್ಲಿಕ್ಕೆ ಆಗ್ತಾ ಇಲ್ಲ

ಪೆರ್ಲ_ಪೈಲಟ್:

ನಮಸ್ಕಾರ ಎಲ್ರಿಗೂ. ಊಲೈಟ್ ಆಡ್ತಾ ಇದ್ದೇನೆ. 1984ರಲ್ಲಿ ಬಿಬಿಸಿ ಮೈಕ್ರೋ ಅಂತ ಹಳೇ ಕಂಪ್ಯೂಟರಿಗೆ ಬಂದ ಎಲೈಟ್ ಉಂಟಲ್ಲ, ಬಾಹ್ಯಾಕಾಶದಲ್ಲಿ ಹಡಗು ಓಡಿಸಿ ವ್ಯಾಪಾರ ಮಾಡುವ ಆಟ, ಅದನ್ನೇ ಈಗಿನ ಕಂಪ್ಯೂಟರಿಗೆ ಹೊಸತಾಗಿ ಬರೆದದ್ದು, ಫ್ರೀ ಸಿಗ್ತದೆ, ನಮ್ಮ ಮನೆಯ ಹಳೇ ಡೆಸ್ಕ್‌ಟಾಪಿನಲ್ಲೂ ಓಡ್ತದೆ. ಮಾಮೂಲಿ ಆಟ ಬೇಕಾದಷ್ಟು ಆಡಿ ಆಯ್ತು, ಹಾಗಾಗಿ ಈ ಸಲ ನಿಯಮ ನಾನೇ ಹಾಕಿಕೊಂಡದ್ದು. ಲೇಸರ್ ಬಟನ್ ಮುಟ್ಟುವ ಹಾಗಿಲ್ಲ, ಮಿಸೈಲ್ ಬಿಡುವ ಹಾಗಿಲ್ಲ, ಸ್ಲೇವ್ಸ್, ನಾರ್ಕೋಟಿಕ್ಸ್, ಫೈರ್‌ಆರ್ಮ್ಸ್ ವ್ಯಾಪಾರ ಇಲ್ಲ, ಹಡಗನ್ನು ತಾನೇ ಸ್ಟೇಷನ್ನಿನೊಳಗೆ ಸೇರಿಸುವ ಡಾಕಿಂಗ್ ಕಂಪ್ಯೂಟರ್ ಇಲ್ಲ, ಸತ್ತರೆ ಸೇವ್ ಫೈಲ್ ಡಿಲೀಟ್ ಮಾಡಿ ಮತ್ತೆ ಆಟ ಶುರುವಾಗುವ ಲೇವ್ ಸಿಸ್ಟಮಿನಿಂದ 100 ಕ್ರೆಡಿಟ್ ಹಿಡ್ಕೊಂಡು ಶುರು.

ಲೇವ್ ಮತ್ತು ಪಕ್ಕದ ಝಾವೋನ್ಸ್ ಸಿಸ್ಟಮ್ ನಡುವೆ ಹೋಗಿ ಬರುವಾಗ ತೊಂದರೆ ಇಲ್ಲ, ಸ್ವಲ್ಪ ದುಡ್ಡು ಆಗ್ತದೆ, ಅದ್ರಲ್ಲಿ ಲಾರ್ಜ್ ಕಾರ್ಗೋ ಬೇ ತಗೊಳ್ತೇನೆ, 20 ಟನ್ ಇದ್ದದ್ದು 35 ಆಗ್ತದೆ. ಅದನ್ನು ತುಂಬಿಸಿಕೊಂಡು ಆಚೆಯ ಸಿಸ್ಟಮಿಗೆ ಜಂಪ್ ಮಾಡಿ, ಗ್ರಹಕ್ಕೆ ಮೂತಿ ನೇರ ಇಟ್ಟು ಜೆ ಒತ್ತಿ (ಜೋರು ಓಡಿಸುವ ಟೋರಸ್ ಡ್ರೈವ್) ಹೋಗ್ತಾ ಇರುವಾಗ ಅರ್ಧದಾರೀಲಿ ಮಾಸ್ ಲಾಕ್, ಅಂದ್ರೆ ಹತ್ರ ಬೇರೆ ಹಡಗು ಬಂದು ಆ ಡ್ರೈವ್ ನಿಲ್ತದೆ, ಮೂರ್ನಾಲ್ಕು ಹಡಗು ಹಿಂದೆ ಬೀಳ್ತಾವೆ. ಹಿಂದಿನ ಶೀಲ್ಡ್ ಹೋಗ್ತದೆ, ಮತ್ತೆ ಎನರ್ಜಿ ಬ್ಯಾಂಕ್ ಒಂದೊಂದೇ ಖಾಲಿ, ಅಲ್ಲಿಗೆ ಮುಗೀತು. ಪ್ರತಿ ಸಲ ಇದೇ ಕಥೆ. ದಯವಿಟ್ಟು ನಿಯಮ ಸಡಿಲ ಮಾಡು ಅಂತ ಮಾತ್ರ ಹೇಳ್ಬೇಡಿ, ಈ ನಿಯಮದೊಳಗೆ ಬದುಕುದು ಹೇಗೆ ಅಂತ ಗೊತ್ತಿದ್ದವರು ಹೇಳಿ.

ಹೊಸೂರು_ಹಾಲರ್:

ಎಸ್ಕೇಪ್ ಪಾಡ್ ಹಾಕ್ಸಿದೀಯಾ ಗುರು? 1000 ಕ್ರೆಡಿಟ್ ಅಷ್ಟೇ. ಸರಕು ಹೋಗುತ್ತೆ, ಜೀವ ಉಳಿಯುತ್ತೆ, ಹಡಗು ಮತ್ತೆ ಸಿಗುತ್ತೆ.

ಪೆರ್ಲ_ಪೈಲಟ್:

ಪಾಡ್ ಬೇಡ ಅಣ್ಣ. ಪಾಡ್ ಇದ್ರೆ ಒಂದೇ ಜೀವ ಅಂತ ಹೇಳುದರಲ್ಲಿ ಅರ್ಥ ಇಲ್ಲ.

ಮುಳ್ಳೇರಿಯ_ಟ್ರೇಡರ್:

ಪಾಡ್ ಬೇಡ ಅಂದದ್ದು ಸರಿ, ನಾನೂ ಅದೇ ಪಕ್ಷ. ಈಗ ನಿಮ್ಮ ಸಮಸ್ಯೆಗೆ ಬರುವಾ, ಸ್ವಲ್ಪ ಉದ್ದ ಆಗ್ತದೆ, ಓದಿ.

ಮೊದಲನೇದು ನೀವು ಹೋಗುವ ದಾರಿ. ವಿಚ್‌ಪಾಯಿಂಟಿನಿಂದ (ಜಂಪ್ ಆಗಿ ಹೊರಗೆ ಬರುವ ಜಾಗ) ಗ್ರಹಕ್ಕೆ ಒಂದು ನೇರ ಗೆರೆ ಎಳೆದ್ರೆ ಆ ಸಿಸ್ಟಮಿನ ಹೆಚ್ಚಿನ ಟ್ರಾಫಿಕ್ ಅದರ ಮೇಲೆಯೇ ಇರುದು, ವ್ಯಾಪಾರಿಗಳು ಅಲ್ಲಿ, ಅವರನ್ನು ಕಾಯುವ ಕಳ್ಳರೂ ಅಲ್ಲೇ. ಎನ್‌ಎಚ್ 66ರಲ್ಲಿ ಬ್ಲಾಕ್ ಉಂಟು ಅಂತ ಗೊತ್ತಿದ್ರೆ ನಾವು ಕುಂಬಳೆಯಲ್ಲಿ ಒಳಗೆ ತಿರುಗಿ ಬದಿಯಡ್ಕ ಮೇಲಿಂದ ಬರುದಿಲ್ವಾ, ಹಾಗೆ ಇಲ್ಲಿಯೂ ಆ ಗೆರೆ ಬಿಟ್ಟು ಹೋಗ್ಬೇಕು. ಜಂಪ್ ಆಗಿ ಹೊರಗೆ ಬಂದ ಕೂಡ್ಲೆ ಗ್ರಹ ಎಲ್ಲಿ, ಸೂರ್ಯ ಎಲ್ಲಿ ನೋಡಿಕೊಳ್ಳಿ. ವಿಚ್‌ಪಾಯಿಂಟ್, ಗ್ರಹ, ಸೂರ್ಯ ಈ ಮೂರು ಸೇರಿ ಒಂದು ತ್ರಿಕೋನ ಆಗ್ತದಲ್ಲ, ಅದರ ಮೂರು ಬದಿಯಲ್ಲೂ ಓಡಾಟ ಇರ್ತದೆ. ನೀವು ಆ ತ್ರಿಕೋನದಿಂದ ಮೇಲಕ್ಕೋ ಕೆಳಕ್ಕೋ ಮೂತಿ ಎತ್ತಿ ಜೆ ಒತ್ತಿ ಒಂದಷ್ಟು ದೂರ ಹೋಗಿ, ಆಮೇಲೆ ಗ್ರಹದ ಕಡೆ ತಿರುಗಿಸಿ. ದಾರಿ ಉದ್ದ ಆಯ್ತು ಅಂತ ಕಾಣ್ತದೆ, ಆದ್ರೆ ಟೋರಸ್ ಡ್ರೈವ್ ಮಧ್ಯದಲ್ಲಿ ನಿಲ್ಲದೆ ಓಡುವ ಕಾರಣ ಎಷ್ಟೋ ಸಲ ಮೊದಲಿಗಿಂತ ಬೇಗವೇ ಮುಟ್ತೀರಿ. ಮಾಸ್ ಲಾಕ್ ಆಗ್ಲಿಕ್ಕೆ ಇನ್ನೊಂದು ಹಡಗು ಸ್ಕ್ಯಾನರಿನ 25.6 ಕಿಲೋಮೀಟರ್ ಒಳಗೆ ಬರ್ಬೇಕು, ಖಾಲಿ ಜಾಗದಲ್ಲಿ ಬರುದು ಯಾರು?

ಎರಡನೇದು ಎಣ್ಣೆ. ಟ್ಯಾಂಕು 7 ಲೈಟ್ ಇಯರ್ ಅಂತ 7ಕ್ಕೆ 7 ಹಾರಿದ್ರೆ ಆಚೆ ಬದಿಯಲ್ಲಿ ನಿಮ್ಮ ಕೈಯಲ್ಲಿ ಎಂತದೂ ಇಲ್ಲ. ಗುಂಡು ಹಾರಿಸದವನ ಆಯುಧ ಅಂದ್ರೆ ಹಡಗನ್ನು ಜೋರು ಓಡಿಸಿ ತಪ್ಪಿಸಿಕೊಳ್ಳುವ ಫ್ಯೂಯೆಲ್ ಇಂಜೆಕ್ಟರ್, ಅದು ಕುಡಿಯುದು ಅದೇ ಟ್ಯಾಂಕಿನ ಎಣ್ಣೆ. ಹಾಗಾಗಿ 5ಕ್ಕಿಂತ ದೂರದ ಜಂಪ್ ಮಾಡ್ಲೇ ಬೇಡಿ, 2 ಯಾವತ್ತೂ ಉಳೀಬೇಕು. ದೂರ ಹೋಗ್ಲೇ ಬೇಕು ಅಂತಿದ್ರೆ ನಡುವೆ ಒಂದು ಕಡೆ ಇಳಿದು ತುಂಬಿಸಿ, ಲೈಟ್ ಇಯರಿಗೆ 2 ಕ್ರೆಡಿಟ್ ಲೆಕ್ಕ, ಅದು ದೊಡ್ಡ ಖರ್ಚಲ್ಲ.

ಇದ್ರಿಂದ್ಲೇ ಮೂರನೇದು ಬರ್ತದೆ, ನೀವು ಖರೀದಿ ಮಾಡಿದ ಕ್ರಮ. ಲಾರ್ಜ್ ಕಾರ್ಗೋ ಬೇ ಮೊದಲು ತಗೊಂಡದ್ದು ಮಾಮೂಲಿ ಆಟಕ್ಕೆ ಸರಿ, ಈ ಆಟಕ್ಕೆ ಅಲ್ಲ. ಮೊದಲು ಇಂಜೆಕ್ಟರ್, ಟೆಕ್ ಲೆವೆಲ್ ಹೆಚ್ಚಿರುವ ಝಾವೋನ್ಸ್‌ನಂಥ ಕಡೆ ನೋಡಿ. ಮತ್ತೆ 600 ಕ್ರೆಡಿಟಿನ ಇಸಿಎಂ, ಬರುವ ಮಿಸೈಲನ್ನು ಅದು ಒಡೀತದೆ, ಅದನ್ನು ಆಯುಧ ಅಂತ ಲೆಕ್ಕ ಹಿಡಿಯುವ ಅಗತ್ಯ ನನಗೆ ಕಾಣುದಿಲ್ಲ. ಆಮೇಲೆ ಕಾರ್ಗೋ ಬೇ. ಶುರುವಿನಲ್ಲಿ ಹಡಗಿನ ಜೊತೆ ಮೂರು ಮಿಸೈಲ್ ಬರ್ತದಲ್ಲ, ನೀವು ಹೇಗೂ ಬಿಡುದಿಲ್ಲ, ಎಫ್ 3 ಸ್ಕ್ರೀನಿನಲ್ಲಿ ಮೊದಲ ದಿನವೇ ಮಾರಿ ಬಂಡವಾಳ ಮಾಡಿಕೊಳ್ಳಿ.

ಈಗ ಕಳ್ಳರು ಸಿಕ್ಕಿಯೇ ಬಿಟ್ರೆ ಎಂತ ಮಾಡುದು. ಸ್ಕ್ಯಾನರಿನ ಅಂಚಿನಲ್ಲಿ ಚುಕ್ಕೆ ಕಂಡಾಗ ಸ್ಟೇಟಸ್ ಲೈಟ್ ಹಸಿರು ಇದ್ದದ್ದು ಹಳದಿ ಆಗ್ತದೆ, ಹೆಚ್ಚಿನವರು ಯಾರು ಬರುದು ನೋಡುವಾ ಅಂತ ಹಾಗೇ ಮುಂದೆ ಹೋಗ್ತಾರೆ, ಲೈಟ್ ಕೆಂಪಾದ ಮೇಲೆ ತಿರುಗ್ತಾರೆ. ಅಷ್ಟು ಹೊತ್ತಿಗೆ ತಡ ಆಯ್ತು. ಪಲ್ಸ್ ಲೇಸರ್ ಮುಟ್ಟುದು 12.5 ಕಿಲೋಮೀಟರ್, ಬೀಮ್ ಲೇಸರ್ 15, ಸ್ಕ್ಯಾನರ್ ಕಾಣುದು 25.6. ಆ ನಡುವಿನ ಹತ್ತು ಕಿಲೋಮೀಟರ್ ನಿಮ್ಮದು. ಮೂರ್ನಾಲ್ಕು ಚುಕ್ಕೆ ಒಟ್ಟಿಗೆ ಗುಂಪಾಗಿ ಕಂಡ್ರೆ ಹಳದಿ ಇರುವಾಗ್ಲೇ ಅವರಿಗೆ ಬೆನ್ನು ಹಾಕಿ, ಇಂಜೆಕ್ಟರ್ ಒತ್ತಿ, ಸ್ಕ್ಯಾನರಿನಿಂದ ಅವರು ಹೊರಗೆ ಹೋದ ಕೂಡ್ಲೆ ಜೆ. ನಿಮ್ಮ ಹಡಗು ಕೋಬ್ರಾ ಮಾರ್ಕ್ 3ಕ್ಕಿಂತ ಕ್ರೈಟ್, ಮಾಂಬಾ ಹಡಗುಗಳು ನಿಧಾನ, ಇಂಜೆಕ್ಟರ್ ಇಲ್ಲದೆಯೂ ತಪ್ಪಿಸ್ಲಿಕ್ಕೆ ಆಗ್ತದೆ. ಸೈಡ್‌ವೈಂಡರ್, ಆಸ್ಪ್ ನಿಮಗಿಂತ ಜೋರು, ಅವಕ್ಕೆ ಇಂಜೆಕ್ಟರ್ ಬೇಕೇ ಬೇಕು.

ಮತ್ತೆ ನೀವು ಜಂಪ್ ಮಾಡಿದ ಆ ಸಿಸ್ಟಮಿನ ಸರಕಾರ ಯಾವುದು? ಅದನ್ನು ಬರೀಲೇ ಇಲ್ಲ.

ಪೆರ್ಲ_ಪೈಲಟ್:

ಸರಕಾರ ಅಷ್ಟಾಗಿ ನೋಡ್ತಿರ್ಲಿಲ್ಲ, ರೇಟು ಎಲ್ಲಿ ಹೆಚ್ಚು ಸಿಗಬಹುದು ಅಂತ ಎಕಾನಮಿ ನೋಡಿ ಹೋಗುದು. ಎಲ್ಲಕ್ಕಿಂತ ಕೊನೆಗೆ ಹೋದದ್ದು ರೀಡ್‌ಕ್ವಾಟ್.

ಜತ್ತ_ಜೇಮ್ಸನ್:

ರೀಡ್‌ಕ್ವಾಟ್ ಅನಾರ್ಕಿ ಅದ ರೀ ತಮ್ಮಾ! ಅಲ್ಲಿ ಮಿಲಿಟರಿ ಲೇಸರ್ ಇದ್ದಾವ್ರೂ ವಿಚಾರ ಮಾಡಿ ಹೋಗ್ತಾರ.

ಮುಳ್ಳೇರಿಯದವ್ರು ಭಾಳ ಚೊಲೋ ಹೇಳ್ಯಾರ, ನಾ ಅದಕ್ಕ ಸ್ವಲ್ಪ ಕೂಡಸ್ತೀನಿ. ಎಂಟು ನಮೂನಿ ಸರಕಾರ ಅದಾವ, ಕೆಟ್ಟದ್ರಿಂದ ಚೊಲೋದಕ್ಕ ಹಿಡದ್ರ ಅನಾರ್ಕಿ, ಫ್ಯೂಡಲ್, ಮಲ್ಟಿ ಗವರ್ನಮೆಂಟ್, ಡಿಕ್ಟೇಟರ್‌ಶಿಪ್, ಕಮ್ಯುನಿಸ್ಟ್, ಕಾನ್ಫೆಡರಸಿ, ಡೆಮಾಕ್ರಸಿ, ಕಾರ್ಪೊರೇಟ್ ಸ್ಟೇಟ್. ನಿಮ್ಮ ಆಟಕ್ಕ ಕಡೀ ಮೂರು ಸಾಕು. ಲೇವ್ ಸ್ವತಃ ಡಿಕ್ಟೇಟರ್‌ಶಿಪ್, ನಡು ಲೆಕ್ಕದ್ದು. ಝಾವೋನ್ಸ್, ಲೀಸ್ತಿ ಎರಡೂ ಕಾರ್ಪೊರೇಟ್, ಎರಡೂ ಇಂಡಸ್ಟ್ರಿಯಲ್. ಡಿಸೊ ಡೆಮಾಕ್ರಸಿ, ಅಗ್ರಿಕಲ್ಚರಲ್. ಅಂದ್ರ ಡಿಸೊದಾಗ ಫರ್ಸ್, ಲಿಕ್ಕರ್ ತಗೊಂಡು ಲೀಸ್ತಿಯಾಗ ಮಾರ್ರಿ, ಲೀಸ್ತಿಯಾಗ ಕಂಪ್ಯೂಟರ್ಸ್ ತಗೊಂಡು ಡಿಸೊಕ್ಕ ಬರ್ರಿ, ಎರಡೂ ಕಡೆ ಪೊಲೀಸರು ಅದಾರ, ಎರಡೂ ದಿಕ್ಕಿನ್ಯಾಗ ಲಾಭ ಅದ. ಬ್ಯಾಸರ ಬರೂತನಾ ಇದನ್ನ ಮಾಡ್ರಿ. ಗುಂಡು ಇಲ್ಲದ ಆಟದಾಗ ರೊಕ್ಕ ಅಂದ್ರ ಬರೇ ಸ್ಕೋರ್ ಅಲ್ಲ, ಕೈಯಾಗ ರೊಕ್ಕ ಇದ್ದಾಂವ ಸರಕು ಒಗದು ಓಡಿ ಹೋಗಾಕ ಹೆದರಂಗಿಲ್ಲ, ಎಲ್ಲಾ ರೊಕ್ಕ ಸರಕಿನ ಮ್ಯಾಲೆ ಹಾಕಿದಾಂವ ಆ ಸರಕು ಉಳಸಾಕ ಹೋಗಿ ಸಾಯ್ತಾನ. ಕಾಲು ಭಾಗ ಯಾವಾಗ್ಲೂ ಕೈಯಾಗ ಇರ್ಲಿ.

ಸರಕು ಒಗಿಯೂದು ಅಂದ್ನೆಲ್ಲ, ಅದೂ ಒಂದು ಉಪಾಯ. ಈಗಿನ ವರ್ಷನ್‌ದಾಗ ಕಳ್ಳರು ಮೊದ್ಲ ಸರಕು ಕೇಳ್ತಾರ, ಮೆಸೇಜ್ ಬರ್ತದ. ಡಿ ಒತ್ತಿ ಒಂದಿಷ್ಟು ಟನ್ ಹೊರಗ ಹಾಕಿದ್ರ ಎಷ್ಟೋ ಸರ್ತಿ ಬಿಟ್ಟು ಹೋಗ್ತಾರ. ಅದಕ್ಕಂತನ ನಾಕೈದು ಟನ್ ಫುಡ್ ಇಟ್ಕೊಳ್ರಿ, ಅಗ್ಗದ ಮಾಲು. ಯಾವ ಮಾಲು ಮೊದ್ಲ ಬೀಳಬೇಕು ಅನ್ನೂದು ಹಾರೂಕಿಂತ ಮೊದ್ಲ ಆರಿಸಿ ಇಡ್ರಿ, ಇಲ್ಲಾಂದ್ರ ಗಡಿಬಿಡಿಯೊಳಗ ಕಂಪ್ಯೂಟರ್ಸ್ ಹೊರಗ ಹೋಗ್ತಾವ.

ಪೆರ್ಲ_ಪೈಲಟ್:

ತುಂಬ ಉಪಕಾರ ಆಯ್ತು ಇಬ್ರಿಂದಲೂ. ಗೆರೆ ಬಿಟ್ಟು ಹೋಗುವ ಕ್ರಮ ಇವತ್ತೇ ನೋಡಿದೆ, ಡಿಸೊದಲ್ಲಿ ಒಂದೇ ಒಂದು ಚುಕ್ಕೆ ಕಾಣದೆ ಗ್ರಹದ ಹತ್ರ ಬಂದೆ. ಆದ್ರೆ ಬದಿಯಿಂದ ಬಂದ ಕಾರಣ ಸ್ಟೇಷನ್ ಎಲ್ಲೋ ಓರೆಯಲ್ಲಿ ಕಾಣ್ತದೆ, ಬಾಗಿಲು ಹುಡುಕುದೇ ಕಷ್ಟ ಆಗ್ತಾ ಉಂಟು. ಕೈಯಲ್ಲೇ ಡಾಕ್ ಮಾಡುವವರು ಸ್ವಲ್ಪ ಹೇಳಿ.

ಇನ್ನೊಂದು, ಇಲ್ಲಿ ಮಳೆ ಶುರುವಾಗಿದೆ, ರಬ್ಬರ್ ತೋಟದ ನಡುವೆ ಲೈನ್ ಬರುದು, ಒಂದು ಗೆಲ್ಲು ಬಿದ್ರೆ ಕರೆಂಟ್ ಹೋಯ್ತು. ಹಾರ್ತಾ ಇರುವಾಗ ಕರೆಂಟ್ ಹೋದ್ರೆ ಅದನ್ನು ಸತ್ತದ್ದು ಅಂತ ಲೆಕ್ಕ ಹಾಕ್ಬೇಕಾ?

ಮುಳ್ಳೇರಿಯ_ಟ್ರೇಡರ್:

ಡಾಕಿಂಗ್: ಸ್ಟೇಷನ್ನಿನ ಬಾಗಿಲು ಗ್ರಹದ ಕಡೆಗೇ ಮುಖ ಮಾಡಿರ್ತದೆ, ಹಾಗಾಗಿ ನೀವು ಗ್ರಹಕ್ಕೂ ಸ್ಟೇಷನ್ನಿಗೂ ನಡುವೆ ಬರ್ಬೇಕು. ಅಲ್ಲಿ ಬಾಗಿಲಿನ ನೇರಕ್ಕೆ ಒಂದು ನ್ಯಾವ್ ಬಾಯ್ (ದಾರಿ ತೋರಿಸುವ ಗುರುತು) ತೇಲ್ತಾ ಇರ್ತದೆ, ಮೊದಲು ಅದರ ಹತ್ರ ಹೋಗಿ (ಮುಟ್ಟಬೇಡಿ), ಅಲ್ಲಿ ಪೂರ್ತಿ ನಿಂತು ಸ್ಟೇಷನ್ ಕಡೆ ತಿರುಗಿ, ಬಾಗಿಲು ಸರೀ ಎದುರು ಕಾಣ್ತದೆ. ಹೆಚ್ಚಿನವರು ಹತ್ರ ಹೋಗಿ ನೇರ ಮಾಡಿಕೊಳ್ಳುವಾ ಅಂತ ನೋಡ್ತಾರೆ, ಅದು ಆಗುದಿಲ್ಲ, ನೇರ ಮಾಡುದೆಲ್ಲ ದೂರದಲ್ಲಿಯೇ ಆಗ್ಬೇಕು. ಕ್ರಾಸ್‌ಹೇರ್ ಬಾಗಿಲಿನ ಸೀಳಿನ ನಡು ಬಿಂದುವಿನಲ್ಲಿ ನಿಂತ ಮೇಲೆ ಪಿಚ್ (ಮೂತಿ ಮೇಲೆ ಕೆಳಗೆ ಮಾಡುದು) ಮುಟ್ಲೇ ಬೇಡಿ, ರೋಲ್ (ಬದಿಗೆ ಉರುಳಿಸುದು) ಮಾತ್ರ. ಸೀಳು ಅಡ್ಡಕ್ಕೆ ಇರುವಾಗ ಅದರ ಜೊತೆ ಸಣ್ಣಕ್ಕೆ ತಿರುಗ್ಲಿಕ್ಕೆ ಶುರು ಮಾಡಿ, ನಿಮ್ಮ ತಿರುಗುವ ವೇಗ ಅದ್ರ ವೇಗಕ್ಕೆ ಕೂಡಿದಾಗ ಸೀಳು ತಿರುಗುದು ನಿಂತ ಹಾಗೆ ಕಾಣ್ತದೆ, ಹಿಂದಿನ ನಕ್ಷತ್ರಗಳು ಸುತ್ತುತ್ತಾವೆ. ಆಗ ಮುಂದೆ ಹೋಗಿ. ಕೊನೆಯ ಗಳಿಗೆಯಲ್ಲಿ ವಾಲಿತು ಅಂತ ಕಂಡ್ರೆ ಸರಿ ಮಾಡ್ಲಿಕ್ಕೆ ಹೋಗ್ಬೇಡಿ, ತಿರುಗಿಸಿ ಬಾಯ್ ಹತ್ರ ವಾಪಸ್ ಬನ್ನಿ. ಒಂದೇ ಜೀವದ ಆಟದಲ್ಲಿ ನಾಚಿಕೆ ಎಂತದೂ ಇಲ್ಲ.

ಕರೆಂಟಿನ ವಿಷಯ: ಈ ಆಟದಲ್ಲಿ ಸೇವ್ ಆಗುದು ಸ್ಟೇಷನ್ನಿನೊಳಗೆ ಮಾತ್ರ, ಆದ್ರೆ ಗೇಮ್ ಆಪ್ಷನ್ಸಿನಲ್ಲಿ ಆಟೋಸೇವ್ ಉಂಟು, ಅದನ್ನು ಹಾಕಿ ಇಟ್ರೆ ಸ್ಟೇಷನ್ ಬಿಟ್ಟು ಹೊರಡುವಾಗ ತಾನೇ ಸೇವ್ ಮಾಡ್ತದೆ. ಕರೆಂಟ್ ಹೋಗುವಾಗ ಲೈಟ್ ಹಸಿರೋ ಹಳದಿಯೋ ಇದ್ರೆ ಆಟೋಸೇವ್‌ನಿಂದ ಮುಂದುವರಿಸಿ, ಕೆಂಪು ಇದ್ರೆ ಸತ್ತ ಲೆಕ್ಕ. ನಾನು ಹೀಗೇ ಆಡುದು, ನೋಡುವವರು ಯಾರೂ ಇಲ್ಲದಿದ್ರೂ ಇದನ್ನು ಬಿಡ್ಬಾರ್ದು.

ಒಂದು ಸಂಶಯ ಉಳಿದಿದೆ. ಸರಕಾರ ನೋಡದೆ ಹೋದ್ರೂ ಪ್ರತಿ ಸಲ ಸಾಯುದು ಅಂದ್ರೆ ಸ್ವಲ್ಪ ಹೆಚ್ಚೇ ಆಯ್ತು. ಆ ಡೆಸ್ಕ್‌ಟಾಪಿನಲ್ಲಿ ಬೇರೆ ಯಾರಾದ್ರೂ ಆಡ್ತಿದ್ರಾ? ಆಟದ ಲಾಗ್ಸ್ ಫೋಲ್ಡರಿನಲ್ಲಿ ಲೇಟೆಸ್ಟ್ ಡಾಟ್ ಲಾಗ್ ಅಂತ ಫೈಲ್ ಉಂಟು, ನೋಟ್‌ಪ್ಯಾಡಿನಲ್ಲಿ ತೆರೀರಿ, ಯಾವೆಲ್ಲ ಓಎಕ್ಸ್‌ಪಿ (ಆಟಕ್ಕೆ ಹೊರಗಿನಿಂದ ಸೇರಿಸುವ ಪ್ಯಾಕ್) ಲೋಡ್ ಆಗಿದೆ ಅಂತ ಪಟ್ಟಿ ಇರ್ತದೆ.

ಪೆರ್ಲ_ಪೈಲಟ್:

ಉಂಟು ಅಣ್ಣ! ಭಾವ ಹಿಂದೆ ಆಡ್ತಿದ್ರು, ಆಡ್‌ಆನ್ಸ್ ಫೋಲ್ಡರಿನಲ್ಲಿ ಕಳ್ಳರ ಹಡಗಿನ ಪ್ಯಾಕ್ ಎರಡು ಹಾಕಿ ಇಟ್ಟಿದ್ದಾರೆ. ತೆಗೆದೆ. ಈಗ ಡಿಸೊ, ಲೀಸ್ತಿ ನಡುವೆ ಓಡ್ತಾ ಇದ್ದೇನೆ, ಬಾಯ್ ಹತ್ರದಿಂದ ಡಾಕಿಂಗೂ ಆಗ್ತಾ ಉಂಟು, ಇಂಜೆಕ್ಟರ್ ಬಂತು. ಎಫ್ 4ರಲ್ಲಿ ಪಾರ್ಸೆಲ್ ಕೆಲಸ ಕಾಣ್ತದಲ್ಲ, ಈ ನಿಯಮದಲ್ಲಿ ಅದನ್ನು ಹಿಡಿಯಬಹುದಾ?

ಜತ್ತ_ಜೇಮ್ಸನ್:

ಹಿಡೀರಿ, ಹಿಡೀರಿ. ಪಾರ್ಸೆಲ್‌ಗೆ ಕಾರ್ಗೋದಾಗ ಜಾಗಾ ಬೇಕಾಗಂಗಿಲ್ಲ, ಸರಕಿನ ಜೋಡಿ ಒಯ್ಯಬಹುದು. ಸಣ್ಣ ಕೂಲಿದ್ದು ಮಾತ್ರ ಹಿಡೀರಿ, ಭಾಳ ರೊಕ್ಕ ಕೊಡೂ ಪಾರ್ಸೆಲ್ ಹಿಂದ ಕೊಲಿ ಮಾಡಾವ್ರು ಬೆನ್ನ ಹತ್ತಿ ಬರ್ತಾರ, ಅವ್ರು ಸರಕು ಒಗದ್ರೂ ಬಿಡಂಗಿಲ್ಲ. ಮತ್ತ ಟೈಮಿನ ಲೆಕ್ಕ ಕೇಳ್ರಿ: ಜಂಪ್‌ಗೆ ಹಿಡಿಯೂ ತಾಸು ಅಂದ್ರ ದೂರದ ವರ್ಗ. 6 ಲೈಟ್ ಇಯರ್ ಒಂದ ಜಂಪ್‌ನ್ಯಾಗ ಹಾರಿದ್ರ 36 ತಾಸು, ಅದನ್ನ 3ರ ಎರಡು ಜಂಪ್ ಮಾಡಿದ್ರ 9 ಮತ್ತ 9, ಹದಿನೆಂಟ. ನಡುವ ಸಿಸ್ಟಮ್ ದಾಟೂ ಟೈಮ್ ಕೂಡಿಸಿದ್ರೂ ಉಳೀತದ, ಅಲ್ಲಿ ಇಳದು ತುಂಬಿಸಿಕೊಂಡ್ರ ಎಣ್ಣಿನೂ ಟ್ಯಾಂಕಿನ್ಯಾಗ ಉಳೀತದ. ಗಡುವು ಕಮ್ಮಿ ಅದ ಅಂತ ಉಳಿದಾವ್ರು ಬಿಟ್ಟ ಪಾರ್ಸೆಲ್ ನೀವು ಹಿಂಗ ಮುಟ್ಟಸಬಹುದು.