40 ರನ್‌ಗಳ ಗಾಸಿಯನ್ ಪ್ರೊಸೆಸ್: 95% ಪಟ್ಟಿ ಯಾಕಿಷ್ಟು ಕಿರಿದು?

ಪ್ರಶ್ನೆ: ಒಂದು ಸಿಎಫ್‌ಡಿ (ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಸಿಮ್ಯುಲೇಷನ್) ರನ್‌ಗೆ 6 ಗಂಟೆ ಹಿಡಿಯುತ್ತೆ. ಅದಕ್ಕೇ ಕೆಲವೇ ರನ್‌ಗಳಿಂದ ಉಳಿದ ಕಡೆಯ ಉತ್ತರವನ್ನೂ ಅದರ ಅನಿಶ್ಚಿತತೆಯನ್ನೂ ಊಹಿಸುವ ಗಾಸಿಯನ್ ಪ್ರೊಸೆಸ್ ಮಾಡೆಲ್ ಕಟ್ಟಿದ್ದೇನೆ. ಇನ್‌ಪುಟ್ 4, ಲ್ಯಾಟಿನ್ ಹೈಪರ್‌ಕ್ಯೂಬ್‌ನಲ್ಲಿ (ಪ್ರತಿ ಇನ್‌ಪುಟ್‌ನ ವ್ಯಾಪ್ತಿಯುದ್ದಕ್ಕೂ ಬಿಂದುಗಳನ್ನು ಹರಡುವ ವಿಧಾನ) 40 ರನ್ ಆಗಿವೆ. ಔಟ್‌ಪುಟ್ ಡ್ರ್ಯಾಗ್ (ಹರಿವು ಒಡ್ಡುವ ತಡೆ). ಕರ್ನಲ್ (ಎರಡು ಬಿಂದುಗಳ ಉತ್ತರ ಎಷ್ಟು ಹೋಲುತ್ತೆ ಅಂತ ಹೇಳುವ ಸೂತ್ರ) ಸ್ಕ್ವೇರ್ಡ್ ಎಕ್ಸ್‌ಪೊನೆನ್ಷಿಯಲ್, ನಗೆಟ್ (ಉತ್ತರದ ಸಣ್ಣ ಏರುಪೇರಿಗೆಂದು ಸೇರಿಸುವ ವೇರಿಯನ್ಸ್) ಸೊನ್ನೆ. ಟೆಸ್ಟ್‌ಗೆಂದು ಎತ್ತಿಟ್ಟ ಬೇರೆ 10 ರನ್‌ಗಳಲ್ಲಿ 95% ಪಟ್ಟಿಯೊಳಗೆ (ನಿಜವಾದ ಉತ್ತರ 95% ಸಲ ಇರಬೇಕಾದ ವ್ಯಾಪ್ತಿ) ಬಿದ್ದದ್ದು ಆರೇ. ಇನ್ನೂ 40 ರನ್ ಮಾಡುವುದೊಂದೇ ದಾರಿಯಾ?

ಉತ್ತರ 1: ಈಗಲೇ ಬೇಡ. ಪಟ್ಟಿ ಸರಿಯಿದ್ದರೆ ಹತ್ತರಲ್ಲಿ ಆರೋ ಅದಕ್ಕಿಂತ ಕಡಿಮೆಯೋ ಒಳಗೆ ಬೀಳುವ ಸಂಭವ ಸುಮಾರು 1000ಕ್ಕೆ 1. ಹಾಗಾಗಿ ಮಾಡೆಲ್‌ನಲ್ಲೇ ತಪ್ಪಿದೆ. ನಿಮ್ಮ ಕರ್ನಲ್, ಫಂಕ್ಷನ್ ವಿಪರೀತ ನುಣುಪು ಅಂತ ನಂಬಿ ಕೂತಿದೆ. ಹರಿವು ಮೇಲ್ಮೈ ಬಿಟ್ಟು ಬೇರ್ಪಡುವ ಕಡೆ ಡ್ರ್ಯಾಗ್ ಥಟ್ಟನೆ ತಿರುಗುತ್ತೆ, ಅಲ್ಲಿ ಆ ನಂಬಿಕೆ ನಿಲ್ಲಲ್ಲ. ಅಷ್ಟು ನುಣುಪು ಕೇಳದ ಮಟೇರ್ನ್ 5/2 ಕರ್ನಲ್ ಹಾಕಿ, ಪ್ರತಿ ಇನ್‌ಪುಟ್‌ಗೂ ಬೇರೆ ಲೆಂತ್ ಸ್ಕೇಲ್ (ಎಷ್ಟು ದೂರದವರೆಗೆ ಉತ್ತರಗಳು ಹೋಲುತ್ತವೆ ಅನ್ನುವ ಅಳತೆ) ಕೊಡಿ. ಅದಕ್ಕೂ ಮೊದಲು ಇನ್‌ಪುಟ್‌ಗಳನ್ನು 0–1ಕ್ಕೆ ತನ್ನಿ. ಲೈಕ್ಲಿಹುಡ್ (ಈ ಮೌಲ್ಯಗಳು ಡೇಟಾಗೆ ಎಷ್ಟು ಹೊಂದುತ್ತವೆ ಅನ್ನುವ ಅಳತೆ) ಆಪ್ಟಿಮೈಸ್ ಮಾಡುವಾಗ 20 ಬೇರೆ ಬೇರೆ ಬಿಂದುಗಳಿಂದ ಶುರು ಮಾಡಿ.

ನಗೆಟ್ ಸೊನ್ನೆ ಇಡಬೇಡಿ. ಪ್ರತಿ ಆಕಾರಕ್ಕೂ ಮೆಷ್ (ಲೆಕ್ಕಕ್ಕೆಂದು ಜಾಗವನ್ನು ಚೂರು ಮಾಡುವ ಬಲೆ) ಹೊಸದಾಗಿ ಹೆಣೆಯುವುದಾದರೆ ಉತ್ತರದಲ್ಲಿ ಸಣ್ಣ ಏರುಪೇರು ಇದ್ದೇ ಇರುತ್ತೆ. ಅದನ್ನೂ ನಿಜವೆಂದುಕೊಂಡು ಮಾಡೆಲ್ ಪ್ರತಿ ಬಿಂದುವಿನ ಮೂಲಕವೇ ಹಾಯಲು ಹೋಗಿ ಲೆಂತ್ ಸ್ಕೇಲ್ ಕೆಡುತ್ತೆ. ಚೊಲೆಸ್ಕಿ (ಮ್ಯಾಟ್ರಿಕ್ಸ್ ಬಿಡಿಸುವ ಲೆಕ್ಕ) ಮುರಿಯದಿರಲಿ ಅಂತ ಸೇರಿಸುವ 0.00000001 ಈ ಕೆಲಸಕ್ಕೆ ಸಾಲದು; ನಗೆಟ್ಟನ್ನೂ ಡೇಟಾದಿಂದಲೇ ಅಂದಾಜು ಮಾಡಿಸಿ.

ಉತ್ತರ 2: ಪಟ್ಟಿ ಸರಿಯಿದೆಯೇ ಅಂತ ಪರೀಕ್ಷಿಸಲು ಹೊಸ ರನ್ ಬೇಕಿಲ್ಲ. ಸರಾಸರಿ ಕಳೆದ ಔಟ್‌ಪುಟ್ ವೆಕ್ಟರನ್ನು ಕೋವೇರಿಯನ್ಸ್ ಮ್ಯಾಟ್ರಿಕ್ಸ್‌ನ (40 ಬಿಂದುಗಳ ಪ್ರತಿ ಜೋಡಿಗೂ ಕರ್ನಲ್ ಕೊಡುವ ಮೌಲ್ಯಗಳ ಕೋಷ್ಟಕ) ವಿಲೋಮದಿಂದ ಗುಣಿಸಿ, ಪ್ರತಿ ಅಂಶವನ್ನೂ ವಿಲೋಮದ ಅದೇ ಸಾಲಿನ ಕರ್ಣದ ಅಂಶದಿಂದ ಭಾಗಿಸಿ: ಆ ಬಿಂದುವನ್ನು ಬಿಟ್ಟು ಊಹಿಸಿದರೆ ಆಗುವ ತಪ್ಪು ಅದೇ. ಕರ್ಣದ ಅಂಶದ ವ್ಯುತ್ಕ್ರಮವೇ ವೇರಿಯನ್ಸ್. ತಪ್ಪನ್ನು ವೇರಿಯನ್ಸ್‌ನ ವರ್ಗಮೂಲದಿಂದ ಭಾಗಿಸಿದಾಗ 40ರಲ್ಲಿ ಎರಡು ಮೂರು ±2 ದಾಟಿದರೆ ಸರಿ. ಏಳೆಂಟು ದಾಟಿ, ಎಲ್ಲವೂ ಒಂದೇ ಮೂಲೆಯಲ್ಲಿದ್ದರೆ ಹೊಸ ರನ್ ಅಲ್ಲಿಗೇ ಹಾಕಿ.

ಉತ್ತರ 3: ಇನ್ನೊಂದು ಕಾರಣ ಬಿಟ್ಟುಹೋಗಿದೆ. ಲೈಕ್ಲಿಹುಡ್‌ನಿಂದ ಸಿಕ್ಕ ಲೆಂತ್ ಸ್ಕೇಲನ್ನೇ ಖಚಿತ ಅಂತ ಹಿಡಿದರೆ ಅದರ ಅನಿಶ್ಚಿತತೆ ಪಟ್ಟಿಯಲ್ಲಿ ಸೇರುವುದೇ ಇಲ್ಲ. 40 ಬಿಂದುಗಳಿಗೆ ಇದು ದೊಡ್ಡ ಪಾಲು. ಲೆಂತ್ ಸ್ಕೇಲ್‌ಗೆ ಲಾಗ್-ನಾರ್ಮಲ್ ಪ್ರಯರ್ (ಡೇಟಾ ನೋಡುವ ಮೊದಲಿನ ಅಂದಾಜು) ಕೊಟ್ಟು ಎಂಸಿಎಂಸಿ (ಸಾಧ್ಯ ಮೌಲ್ಯಗಳ ಸ್ಯಾಂಪಲ್‌ಗಳನ್ನು ತೆಗೆಯುವ ವಿಧಾನ) ಓಡಿಸಿ. ಒಟ್ಟು ವೇರಿಯನ್ಸ್ ಅಂದರೆ ಸ್ಯಾಂಪಲ್‌ಗಳ ವೇರಿಯನ್ಸ್‌ಗಳ ಸರಾಸರಿ, ಜೊತೆಗೆ ಅವುಗಳ ಸರಾಸರಿಗಳ ನಡುವಿನ ವೇರಿಯನ್ಸ್. ಈ ಎರಡನೆಯದನ್ನೇ ಬಹಳ ಜನ ಮರೆಯುವುದು. 40×40 ಮ್ಯಾಟ್ರಿಕ್ಸನ್ನು ಸಾವಿರಾರು ಸಲ ಬಿಡಿಸಿದರೂ ಒಂದು ರನ್‌ನ 6 ಗಂಟೆಯ ಮುಂದೆ ಅದು ಏನೂ ಅಲ್ಲ.