ಅಪ್‌ಡೇಟ್: ನೀಲ್ ದ್ವೀಪದಲ್ಲೇ ಉಳಿದ್ವಿ

ಅಪ್ಪ-ಅಮ್ಮನ್ನ ಅಂಡಮಾನಿಗೆ ಕರ್ಕೊಂಡು ಹೋಗ್ತಿದೀನಿ, ಹ್ಯಾವ್ಲಾಕ್ ದ್ವೀಪದಲ್ಲಿ ಉಳಿಯೋದಾ ನೀಲ್ ದ್ವೀಪದಲ್ಲಾ ಅಂತ ಇಲ್ಲಿ ಕೇಳಿದ್ದೆ. ಹೆಚ್ಚಿನವರು ನೀಲ್ ಅಂದ್ರಿ. ಡಿಸೆಂಬರ್‌ನಲ್ಲಿ ಹೋಗಿಬಂದ್ವಿ, ಎಲ್ರಿಗೂ ಥ್ಯಾಂಕ್ಸ್. (2018ರಿಂದ ನೀಲ್‌ನ ಹೆಸರು ಶಹೀದ್ ದ್ವೀಪ್. ಟಿಕೆಟ್ ಹುಡುಕುವಾಗ ಎರಡೂ ಹೆಸರು ಹಾಕಿ ನೋಡಿ.)

ಸೀತಾಪುರ, ಭರತ್‌ಪುರ, ಲಕ್ಷ್ಮಣಪುರ, ರಾಮನಗರ... ಊರುಗಳ ಬೋರ್ಡು ಓದ್ತಾ ಬಂದ ಅಮ್ಮ, "ಹನುಮಂತನ್ನ ಎಲ್ಲಿ ಬಿಟ್ರು?" ಅಂದ್ರು. ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳೇ ಜಾಸ್ತಿ. ರಸ್ತೆ ಪಕ್ಕ ಅಡಿಕೆ, ಬಾಳೆ, ತರಕಾರಿ ಹೊಲ. ಅಪ್ಪನಿಗೆ ಸಮುದ್ರಕ್ಕಿಂತ ಅಡಿಕೆ ತೋಟದ ಮೇಲೇ ಕಣ್ಣು!

ಲಕ್ಷ್ಮಣಪುರದಲ್ಲಿ ತಾನಾಗೇ ಆದ ಕಲ್ಲಿನ ಸೇತುವೆಗೆ ನೀರಿಳಿತದ ಹೊತ್ತು ಕೇಳ್ಕೊಂಡೇ ಹೋಗಿ. ನೀರು ಏರಿದರೆ ದಾರಿಯೇ ಇರಲ್ಲ. ನೀರು ಇಳಿದಾಗ ಬಂಡೆ ಗುಂಡಿಗಳಲ್ಲಿ ನಿಂತ ನೀರಲ್ಲಿ ಪುಟ್ಟ ಮೀನು, ಏಡಿ, ಕರೀ ಸಮುದ್ರ ಸೌತೆ (ಸೌತೆಕಾಯಿ ಆಕಾರದ ಮೆತ್ತನೆ ಜೀವಿ) ಮಲಗಿರೋದು ಬರಿಗಣ್ಣಿಗೇ ಕಾಣುತ್ತೆ. ಆದ್ರೆ ಸತ್ತ ಹವಳದ ಮೇಲೆ ಪಾಚಿ, ಮಂಡಿನೋವಿದ್ದವರಿಗೆ ಬೇಡವೇ ಬೇಡ. ಅಮ್ಮ ಮೇಲೇ ಕೂತು ಎಳನೀರು ಕುಡಿದ್ರು. ಅವರಿಗೆ ಹೇಳಿ ಮಾಡಿಸಿದ್ದು ಭರತ್‌ಪುರ ಬೀಚ್, ನೀರು ತುಂಬಾ ದೂರದವರೆಗೂ ಆಳವಿಲ್ಲ.

ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗ್ತಾನೆ, ಆದ್ದರಿಂದ ಬೆಳಗ್ಗೆ ಬೇಗ ಹೊರಡಿ. ಹವಳ, ಚಿಪ್ಪು ಆರಿಸ್ಕೊಂಡು ಬರೋ ಹಾಗಿಲ್ಲ, ಮಕ್ಕಳ ಜೇಬು ನೋಡ್ಕೊಳ್ಳಿ. ಹ್ಯಾವ್ಲಾಕ್ ಬೇಕಂದ್ರೆ ಹಡಗು ಇದ್ದೇ ಇದೆ, ನಮಗೆ ಬೇಕು ಅನ್ನಿಸಲಿಲ್ಲ.