ನಮ್ಮ ಕ್ಯಾನರಿ ಹಕ್ಕಿ ಇದ್ದಕ್ಕಿದ್ದಂತೆ ಸತ್ತುಹೋಯ್ತು, ಕಾರಣ ತಿಳಿಯೋಕೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಸಾಕಿದ್ದ ನಮ್ಮ ಗಂಡು ಕ್ಯಾನರಿ ಇವತ್ತು ಬೆಳಿಗ್ಗೆ ಪಂಜರದ ತಳದಲ್ಲಿ ಬಿದ್ದಿತ್ತು. ನಿನ್ನೆ ಸಂಜೆ ತಾನೇ ಸೌತೆಕಾಯಿ ಚೂರು ಕುಕ್ಕಿ ತಿಂದು ಹಾಡಿತ್ತು. ಗಾಯ ಇಲ್ಲ, ರಕ್ತ ಇಲ್ಲ. ಕೈಗೆತ್ತಿಕೊಂಡಾಗ ಎದೆಮೂಳೆ ಮಾತ್ರ ಚೂರಿ ಅಂಚಿನ ಹಾಗೆ ಬೆರಳಿಗೆ ಸಿಕ್ತು. ಎಷ್ಟು ದಿನದಿಂದ ಸೊರಗ್ತಿತ್ತೋ, ಗರಿ ಉಬ್ಬಿಸಿಕೊಂಡು ಕೂರ್ತಿದ್ದರಿಂದ ನಮಗೆ ಕಾಣಲೇ ಇಲ್ಲ. ತುಂಬಾ ಸಂಕಟ ಆಗ್ತಿದೆ.

ನನಗೆ ಎರಡು ಅನುಮಾನ. ನಿನ್ನೆ ರಾತ್ರಿ ನಾನ್‌ಸ್ಟಿಕ್ ತವಾ ಒಲೆ ಮೇಲೆ ಖಾಲಿ ಕಾದು ಹೊಗೆ ಬಂದಿತ್ತು, ಪಂಜರ ಅಡುಗೆಮನೆ ಪಕ್ಕದಲ್ಲೇ ಇದೆ. ಆ ಹೊಗೆ ಹಕ್ಕಿಗಳಿಗೆ ವಿಷ ಅಂತ ಈಗ ಗೊತ್ತಾಯ್ತು. ಇನ್ನೊಂದು, ಎರಡು ವಾರದಿಂದ ರಾತ್ರಿ ಉಸಿರಾಡುವಾಗ ಟಿಕ್ ಟಿಕ್ ಅಂತ ಸಣ್ಣ ಸದ್ದು, ಬಾಲ ಮೇಲೆ ಕೆಳಗೆ ಆಡ್ತಿತ್ತು. ಶ್ವಾಸನಾಳದಲ್ಲಿ ಸೇರೋ ಮೈಟ್ ಹುಳ ಇದ್ರೂ ಹೀಗೇ ಆಗುತ್ತಂತೆ.

ಗೊಂದಲ ಇಲ್ಲೇ: ಹೊಗೆ ಕಾರಣ ಆಗಿದ್ರೆ ಅದೇ ಪಂಜರದ ಹೆಣ್ಣು ಹಕ್ಕಿ ಹೇಗೆ ಆರಾಮಾಗಿದೆ? ಹುಳ ಆಗಿದ್ರೆ ಅದಕ್ಕೂ ಅಂಟಿರಬೇಕಲ್ವಾ? ಹತ್ತಿರದ ಡಾಕ್ಟರ್ ನಾಯಿ, ಬೆಕ್ಕು ಮಾತ್ರ ನೋಡ್ತಾರೆ. ದೇಹವನ್ನ ಕವರಲ್ಲಿ ಸುತ್ತಿ ಫ್ರಿಜ್‌ನ ಕೆಳಗಿನ ಖಾನೆಯಲ್ಲಿಟ್ಟಿದ್ದೀನಿ, ಫ್ರೀಜರ್‌ನಲ್ಲಿಟ್ಟಿಲ್ಲ.

ಬೆಂಗಳೂರಿನ ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಇಷ್ಟು ಚಿಕ್ಕ ಹಕ್ಕಿಯ ಪೋಸ್ಟ್‌ಮಾರ್ಟಮ್ ಮಾಡಿಸಿದವರು ಯಾರಾದ್ರೂ ಇದ್ದೀರಾ? ವರದಿ ಬರೋವರೆಗೆ ಕಾಯದೆ ಹೆಣ್ಣು ಹಕ್ಕಿಗೆ ಈಗಲೇ ಮೈಟ್ ಹುಳದ ಔಷಧಿ ಹಾಕಿಸಬೇಕಾ?